‘ತಫ್ಲ್’: ಒಂದು ಪ್ರಾಚೀನ ನಾರ್ಸ್ ಪದದ ಮೂಲ ಮತ್ತು ಅರ್ಥವಿಚಾರ

೧

ಐಸ್‌ಲೆಂಡಿನ ಇತಿಹಾಸಕಾರನಾದ ಸ್ನೊರ್ರಿ ಸ್ಟುರ್ಲುಸನ್ (೧೧೭೯–೧೨೪೧) ನಾರ್ವೆಯ ಅರಸರ ಚರಿತ್ರೆಯನ್ನು ಹೇಳುವ ತನ್ನ ‘ಹೈಮ್‌ಸ್ಕ್ರಿಂಗ್ಲಾ’ ಗ್ರಂಥದಲ್ಲಿ ಒಂದು ದಾರುಣವಾದ ಪ್ರಸಂಗವನ್ನು ನಿರೂಪಿಸಿದ್ದಾನೆ. ಡೆನ್ಮಾರ್ಕ್ ಮತ್ತು ಇಂಗ್ಲೆಂಡುಗಳ ಅರಸನಾಗಿದ್ದ ಕ್ನೂಟನೂ ಅವನ ತಂಗಿಯ ಗಂಡನಾದ ಉಲ್ಫನೆಂಬ ಸಾಮಂತನೂ ೧೦೨೬ರ ಸುಮಾರಿನಲ್ಲಿ ರಾಸ್ಕಿಲ್ಡ್ ಪಟ್ಟಣದಲ್ಲಿ ಒಂದು ರಾತ್ರಿ ಆಟಕ್ಕೆ ಕುಳಿತಿದ್ದರು. ಅರಸನು ಒಂದು ನಡೆಯನ್ನು ತಪ್ಪಿ ಆಡಿದನು. ಉಲ್ಫನು ಅವನ ಕುದುರೆಯನ್ನು ಹೊಡೆದನು. ಆ ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಅರಸನು ಹೇಳಲು, ಉಲ್ಫನು ಕೋಪಗೊಂಡು ಆಟದ ಹಲಗೆಯನ್ನೇ ಉರುಳಿಸಿ ಎದ್ದು ನಡೆದನು. ಮಾತಿಗೆ ಮಾತು ಬೆಳೆಯಿತು. ಮರುದಿನ ಬೆಳಗ್ಗೆ ಅರಸನ ಅಪ್ಪಣೆಯಂತೆ ಉಲ್ಫನನ್ನು ಚರ್ಚಿನೊಳಗೇ ಕೊಲ್ಲಲಾಯಿತು.

ಸ್ನೊರ್ರಿ ಈ ಆಟವನ್ನು ‘ಸ್ಕಾಕ್‌ತಫ್ಲ್’ ಎಂದು ಕರೆದಿದ್ದಾನೆ. ಈ ಹೆಸರಿಗೆ ಚದುರಂಗವೆಂದು ಅರ್ಥ. ಇದನ್ನು ಆಧಾರವಾಗಿಟ್ಟುಕೊಂಡು, ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿಯೇ ಡೆನ್ಮಾರ್ಕಿನ ಅರಮನೆಯಲ್ಲಿ ಚದುರಂಗವು ಬಳಕೆಯಲ್ಲಿದ್ದಿತೆಂದು ನಿರ್ಣಯಿಸಬಹುದೆ? ಮೇಲುನೋಟಕ್ಕೆ ಇದು ಕೇವಲ ವಿನೋದದ ಚರಿತ್ರೆಗೆ ಸಂಬಂಧಿಸಿದ ಪ್ರಶ್ನೆಯೆಂದು ತೋರಬಹುದು. ಆದರೆ ಒಂದು ಕಾಲದ ಸಂಗತಿಯನ್ನು ಇನ್ನೊಂದು ಕಾಲದ ಮಾತಿನಲ್ಲಿ ಹೇಳಿರುವ ಗ್ರಂಥವನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಇತಿಹಾಸದ ವಿದ್ಯಾರ್ಥಿಗೆ ಎಲ್ಲೆಲ್ಲಿಯೂ ಎದುರಾಗುವ ಪ್ರಶ್ನೆ. ಅದಕ್ಕೆ ಉತ್ತರವನ್ನು ಕಂಡುಕೊಳ್ಳಲು ‘ತಫ್ಲ್’ ಎಂಬ ಪದದ ಚರಿತ್ರೆಯು ಒಂದು ಒಳ್ಳೆಯ ನಿದರ್ಶನವಾಗುತ್ತದೆ. ಈ ಪದವು ಮೂಲತಃ ಯಾವುದೇ ಒಂದು ಆಟದ ಹೆಸರಲ್ಲ, ಆಟದ ಹಲಗೆಯ ಹೆಸರು. ಹಲಗೆಯ ಮೇಲಿನ ಆಟವು ಕಾಲಕಾಲಕ್ಕೆ ಬದಲಾದರೂ ಹೆಸರು ಮಾತ್ರ ಬದಲಾಗದೆ ಉಳಿಯಿತು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಪದದ ನಿಷ್ಪತ್ತಿಯನ್ನು ವಿಚಾರಿಸೋಣ. ನಾರ್ಸ್ ಭಾಷೆಯ ‘ತಫ್ಲ್’ ಪದವು ಲ್ಯಾಟಿನ್ನಿನ ‘ತಬುಲಾ’ ಎಂಬುದರಿಂದ ಬಂದುದೆಂದು ವಿದ್ವಾಂಸರು ಒಪ್ಪಿದ್ದಾರೆ. ಲ್ಯಾಟಿನ್ನಿನಲ್ಲಿ ‘ತಬುಲಾ’ ಎಂದರೆ ಹಲಗೆ. ಬರೆಯುವ ಫಲಕ, ಲೆಕ್ಕದ ಪಟ್ಟಿ, ಶಾಸನಫಲಕ, ಚಿತ್ರಫಲಕ, ಆಟದ ಹಲಗೆ ಇವೆಲ್ಲವೂ ಅದರ ಅರ್ಥವ್ಯಾಪ್ತಿಗೆ ಸೇರಿದುವು. ರೋಮನರ ಪ್ರಾಚೀನ ನ್ಯಾಯಶಾಸನವಾದ ‘ದ್ವಾದಶ ಫಲಕಗಳು’ ಎಂಬ ಹೆಸರಿನಲ್ಲಿರುವುದೂ ಇದೇ ಪದ.

ನಾರ್ಸ್ ಮತ್ತು ಲ್ಯಾಟಿನ್ ಭಾಷೆಗಳೆರಡೂ ಒಂದೇ ಮೂಲಭಾಷೆಯಿಂದ ಕವಲೊಡೆದುವು. ಹೀಗಿರುವಾಗ ಈ ಪದವು ಎರಡಕ್ಕೂ ಸಮಾನವಾದ ಪಿತ್ರಾರ್ಜಿತವೇಕಾಗಬಾರದು ಎಂಬ ಆಕ್ಷೇಪವು ಹುಟ್ಟಬಹುದು. ಧ್ವನಿನಿಯಮವು ಈ ಆಕ್ಷೇಪಕ್ಕೆ ಸಮಾಧಾನವನ್ನು ಕೊಡುತ್ತದೆ. ಪಿತ್ರಾರ್ಜಿತವಾದ ಪದಗಳ ಆದಿಯಲ್ಲಿ ಲ್ಯಾಟಿನ್ನಿನ ತಕಾರವಿರುವೆಡೆ ಜರ್ಮಾನಿಕ್ ಭಾಷೆಗಳಲ್ಲಿ ಊಷ್ಮವಾದ ‘ಥ್’ ಧ್ವನಿ ಕಾಣಬರುತ್ತದೆ. ಲ್ಯಾಟಿನ್ನಿನ ‘ತ್ರೇಸ್’ ಇಂಗ್ಲಿಷಿನಲ್ಲಿ ‘ಥ್ರೀ’ ಆಗಿರುವುದೂ ‘ತೆನುಇಸ್’ ಎಂಬುದಕ್ಕೆ ಜ್ಞಾತಿಯಾದ ಪದವು ‘ಥಿನ್’ ಆಗಿರುವುದೂ ಇದಕ್ಕೆ ಉದಾಹರಣೆಗಳು. ‘ತಫ್ಲ್’ ಪದದಲ್ಲಿಯಾದರೋ ತಕಾರವು ಹಾಗೆಯೇ ಉಳಿದಿದೆ. ಆದಕಾರಣ ಈ ಧ್ವನಿವ್ಯತ್ಯಾಸವು ನಡೆದು ಮುಗಿದ ಬಳಿಕ ಪದವು ಎರವಲಾಗಿ ಬಂದಿರಬೇಕು.

ಎರವಲಿನ ಕಾಲಕ್ಕೆ ಇನ್ನೊಂದು ಕಡೆಯ ಎಲ್ಲೆಯನ್ನು ಜರ್ಮನ್ ಭಾಷೆಯು ಗೊತ್ತುಮಾಡಿಕೊಡುತ್ತದೆ. ಪ್ರಾಚೀನ ಮೇಲು ಜರ್ಮನ್ನಿನಲ್ಲಿ ಈ ಪದದ ರೂಪ ‘ತ್ಸಬಲ್’. ಕ್ರಿ. ಶ. ಆರು ಏಳನೆಯ ಶತಮಾನಗಳ ಸುಮಾರಿನಲ್ಲಿ ಆ ಭಾಷೆಯ ಪದಾದಿಯ ತಕಾರಗಳೆಲ್ಲ ‘ತ್ಸ’ಕಾರಗಳಾದುವು. ‘ತಬುಲಾ’ ಪದವು ಈ ಮಾರ್ಪಾಡಿಗೆ ಒಳಪಟ್ಟಿರುವುದರಿಂದ ಅದಕ್ಕಿಂತ ಮುಂಚೆಯೇ ಅದು ಜರ್ಮನರಲ್ಲಿ ಬಳಕೆಗೆ ಬಂದಿದ್ದಿತೆಂದು ಸಿದ್ಧವಾಗುತ್ತದೆ. ಅದೇ ಲ್ಯಾಟಿನ್ ಪದವನ್ನು ಜರ್ಮನರು ಮುಂದೆ ಎರಡನೆಯ ಸಲ ಎರವಲು ಪಡೆದರು. ಆಗ ಬಂದ ‘ತಾಫೆಲ್’ ಎಂಬ ರೂಪದಲ್ಲಿ ತಕಾರವು ಮಾರ್ಪಟ್ಟಿಲ್ಲ. ಮೊದಲ ಎರವಲು ಆಟದ ಹಲಗೆಯ ಅರ್ಥದಲ್ಲಿ ನಿಂತಿತು. ಎರಡನೆಯದು ಮೇಜು, ಫಲಕ ಎಂಬ ಅರ್ಥಗಳಲ್ಲಿ ನೆಲೆಗೊಂಡಿತು. ಇಂಗ್ಲಿಷಿನಲ್ಲಿಯೂ ಇದೇ ಬಗೆಯಾಗಿ ಪ್ರಾಚೀನ ‘ತ್ಯಾಫ್ಲ್’ ಎಂಬುದು ಆಟಕ್ಕೂ, ಫ್ರೆಂಚಿನ ಮೂಲಕ ತಡವಾಗಿ ಬಂದ ‘ಟೇಬಲ್’ ಎಂಬುದು ಮುಖ್ಯವಾಗಿ ಮೇಜಿಗೂ ಸಂದುವು.

ಇದರಿಂದ ತಿಳಿದುಬರುವುದೇನು? ರೋಮ್ ಸಾಮ್ರಾಜ್ಯದ ಗಡಿಯ ಆಚೆಯಿದ್ದ ಜನರು ಈ ಪದವನ್ನು ಮೊದಲು ಸ್ವೀಕರಿಸಿದುದು ಶಾಸನಫಲಕದ ಹೆಸರಾಗಿ ಅಲ್ಲ, ಲೆಕ್ಕಪತ್ರದ ಹೆಸರಾಗಿಯೂ ಅಲ್ಲ, ಆಟದ ಹೆಸರಾಗಿ. ನೆಲದಲ್ಲಿ ದೊರೆತ ಸಾಕ್ಷ್ಯವೂ ಇದಕ್ಕೆ ಅನುಗುಣವಾಗಿದೆ. ಡೆನ್ಮಾರ್ಕಿನ ಫ್ಯೂನ್ ದ್ವೀಪದ ವಿಮೋಸ ಎಂಬ ಜೌಗುಭೂಮಿಯಲ್ಲಿ ಆಟದ ಹಲಗೆಯ ಒಂದು ತುಂಡು ಸಿಕ್ಕಿದೆ, ಅದು ಕ್ರಿ. ಶ. ೪೦೦ಕ್ಕಿಂತ ಹಿಂದಿನದು. ಆ ಕಾಲದ ಉತ್ತರದೇಶದ ಸಮಾಧಿಗಳಲ್ಲಿ ರೋಮಿನ ಗಾಜಿನ ಕಾಯಿಗಳೂ ದೊರೆತಿವೆ. ವಸ್ತುವೂ ಪದವೂ ಜೊತೆಗೂಡಿ ಉತ್ತರಕ್ಕೆ ಪಯಣಿಸಿದುವೆಂದು ಹೇಳಿದರೆ ತಪ್ಪಾಗಲಾರದು.

೩

ಆದರೆ ರೋಮನರು ‘ತಬುಲಾ’ ಎಂದು ಕರೆದ ಆಟವೂ ನಾರ್ಸ್ ಜನರು ‘ತಫ್ಲ್’ ಎಂದು ಕರೆದ ಆಟವೂ ಒಂದೇ ಅಲ್ಲ. ರೋಮ್ ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ಆ ಹೆಸರನ್ನು ಪಡೆದಿದ್ದುದು ದಾಳಗಳನ್ನು ಹಾಕಿ ಇಪ್ಪತ್ತನಾಲ್ಕು ಮನೆಗಳ ಮೇಲೆ ಕಾಯಿಗಳನ್ನು ನಡೆಸುವ ಆಟ. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಜೀನೋ (ಆಳ್ವಿಕೆ ೪೭೪–೪೯೧) ಈ ಆಟದಲ್ಲಿ ದಾಳ ಕೈಕೊಟ್ಟು ಇಕ್ಕಟ್ಟಿಗೆ ಸಿಕ್ಕಿದುದನ್ನು ಆರನೆಯ ಶತಮಾನದ ಗ್ರೀಕ್ ಕವಿ ಅಗಾಥಿಯಸನು ಒಂದು ಪದ್ಯದಲ್ಲಿ ವಿವರಿಸಿದ್ದಾನೆ. ಸ್ಪೇನಿನ ವಿದ್ವಾಂಸನಾದ ಸೆವಿಲ್ಲದ ಇಸಿಡೋರನು (ಮರಣ ೬೩೬) ದಾಳದಾಟದ ಹೆಸರಾದ ‘ಆಲೆಯಾ’ ಎಂಬುದಕ್ಕೆ ‘ತಬುಲಾ’ ಆಟವೆಂದೇ ಅರ್ಥ ಬರೆದನು. ಪ್ರಾಚೀನ ಇಂಗ್ಲಿಷಿನ ಪದಕೋಶಗಳಲ್ಲಿಯೂ ‘ಆಲೆಯಾ’ ಎಂಬ ಲ್ಯಾಟಿನ್ ಪದಕ್ಕೆ ‘ತ್ಯಾಫ್ಲ್’ ಎಂಬುದೇ ಅರ್ಥವಾಗಿ ಕೊಡಲ್ಪಟ್ಟಿದೆ. ಪೂರ್ವ ಮೆಡಿಟರೇನಿಯನ್ ದೇಶಗಳಲ್ಲಿ ಈ ಹಳೆಯ ಅರ್ಥವು ಇಂದಿಗೂ ಅಳಿದಿಲ್ಲ. ತುರ್ಕಿಯ ‘ತಾವ್ಲಾ’, ಗ್ರೀಸಿನ ‘ತಾವ್ಲಿ’ ಎಂಬುವು ದಾಳ ಹಾಕಿ ಆಡುವ ಅದೇ ಬಗೆಯ ಆಟಗಳು.

ಉತ್ತರದಲ್ಲಿ ನಡೆದುದು ಬೇರೆ. ಅಲ್ಲಿ ಪದವು ದಾಳದಾಟಕ್ಕೆ ಅಂಟಿಕೊಳ್ಳದೆ, ಮನೆಗಳನ್ನು ಗೀಚಿದ ಹಲಗೆಯ ಮೇಲೆ ಕಾಯಿಗಳಿಂದ ನಡೆಸುವ ಯಾವ ಸೆಣಸಾಟಕ್ಕಾದರೂ ಸಲ್ಲುವ ಸಾಮಾನ್ಯನಾಮವಾಯಿತು. ಆಟಕ್ಕೆ ‘ತಫ್ಲ್’, ಆಡುವುದಕ್ಕೆ ‘ತೆಫ್ಲ’, ಕಾಯಿಗೆ ‘ತಫ್ಲ’, ಹಲಗೆಗೆ ‘ತಫ್ಲ್‌ಬೋರ್ಡ್’ ಎಂಬ ಪದಪರಿವಾರವೇ ಬೆಳೆಯಿತು. ಕೊನೆಯ ಪದವನ್ನು ಗಮನಿಸಬೇಕು: ‘ಬೋರ್ಡ್’ ಎಂದರೂ ಹಲಗೆಯೇ ಸರಿ. ‘ತಫ್ಲ್’ ಪದಕ್ಕೆ ಹಲಗೆಯೆಂಬ ಮೂಲಾರ್ಥವು ಜನರ ನೆನಪಿನಿಂದ ಅಳಿಸಿಹೋಗಿದ್ದುದರಿಂದಲೇ ಹಲಗೆಯನ್ನು ಸೂಚಿಸಲು ಇನ್ನೊಂದು ಪದವನ್ನು ಸೇರಿಸಬೇಕಾಯಿತು.

೪

ನಾರ್ಸ್ ಜನರು ವೈಕಿಂಗ್ ಯುಗದಲ್ಲಿ ಆಡುತ್ತಿದ್ದ ಮುಖ್ಯವಾದ ಆಟವನ್ನು ಸಾಗಾಗ್ರಂಥಗಳು ‘ಹ್ನೆಫತಫ್ಲ್’ ಎಂದು ಹೆಸರಿಸುತ್ತವೆ. ‘ಹ್ನೆಫಿ’ ಎಂದರೆ ಮುಷ್ಟಿ. ಆಟದಲ್ಲಿ ಅದು ರಾಜನ ಕಾಯಿಯ ಹೆಸರು. ಎರಡು ಪಕ್ಷಗಳ ಬಲವೂ ಗುರಿಯೂ ಅಸಮವಾಗಿರುವುದು ಈ ಆಟದ ವೈಶಿಷ್ಟ್ಯ. ರಾಜನು ತನ್ನ ರಕ್ಷಕರೊಡನೆ ಹಲಗೆಯ ನಡುವೆ ನಿಲ್ಲುತ್ತಾನೆ. ಅವರ ಇಮ್ಮಡಿ ಸಂಖ್ಯೆಯ ಆಕ್ರಮಣಕಾರರು ಸುತ್ತಲೂ ಮುತ್ತಿಗೆ ಹಾಕಿರುತ್ತಾರೆ. ರಾಜನನ್ನು ಸೆರೆಹಿಡಿಯುವುದು ಒಂದು ಪಕ್ಷದ ಗುರಿ. ಅವನನ್ನು ಪಾರುಮಾಡುವುದು ಇನ್ನೊಂದರ ಗುರಿ. ನಮ್ಮ ಹುಲಿ-ಕುರಿ ಆಟವನ್ನು ಬಲ್ಲವರಿಗೆ ಇಂಥ ಅಸಮ ಪಕ್ಷಗಳ ಕಲ್ಪನೆಯು ಅಪರಿಚಿತವಲ್ಲ. ಆದರೆ ಇವೆರಡಕ್ಕೂ ಸಂಬಂಧವನ್ನು ಕಲ್ಪಿಸಲು ಆಧಾರವಿಲ್ಲ.

ಈ ವಿವರಣೆಗೆ ಆಧಾರಗಳು ಹಲವು. ‘ಹೆರ್ವರರ್ ಸಾಗಾ’ ಗ್ರಂಥದಲ್ಲಿ ಮಾರುವೇಷದ ಓಡಿನ್ ದೇವತೆಯು ಹೈದ್ರೆಕ್ ಅರಸನಿಗೆ ಒಡ್ಡುವ ಒಗಟುಗಳಲ್ಲೊಂದು ಈ ಆಟವನ್ನು ಕುರಿತುದು. ಆಯುಧವಿಲ್ಲದೆ ತಮ್ಮ ಒಡೆಯನ ಸುತ್ತ ಕಾದಾಡುವ ಹೆಂಗಳೆಯರಲ್ಲಿ ಕಂದು ಬಣ್ಣದವರು ಅವನನ್ನು ಕಾಯುವರೆಂದೂ ತಿಳಿಬಣ್ಣದವರು ಮೇಲೆ ಬೀಳುವರೆಂದೂ ಅದರ ತಾತ್ಪರ್ಯ. ವೇಲ್ಸ್ ದೇಶದಲ್ಲಿ ‘ತೌಲ್‌ಬೂರ್ದ್’ ಎಂಬ ಆಟವಿದ್ದಿತು. ಈ ಹೆಸರು ನಾರ್ಸಿನ ‘ತಫ್ಲ್‌ಬೋರ್ಡ್’ ಪದದಿಂದ ಬಂದುದೆಂದು ಹಲವರ ಅಭಿಪ್ರಾಯ. ೧೫೮೭ರ ಒಂದು ವೆಲ್ಷ್ ಹಸ್ತಪ್ರತಿಯ ಪ್ರಕಾರ ಅದರಲ್ಲಿ ನಡುವೆ ರಾಜ, ಅವನ ಬಳಿ ೧೨ ಮಂದಿ, ಅವರನ್ನು ಹಿಡಿಯಲು ಹೊಂಚುವವರು ೨೪ ಮಂದಿ.

ಎಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ಒದಗಿಸಿದವನು ಸ್ವೀಡನ್ನಿನ ಪ್ರಖ್ಯಾತ ಸಸ್ಯಶಾಸ್ತ್ರಜ್ಞನಾದ ಲಿನೇಯಸ್. ೧೭೩೨ರಲ್ಲಿ ಲ್ಯಾಪ್‌ಲೆಂಡಿನಲ್ಲಿ ಸಂಚರಿಸುತ್ತಿದ್ದಾಗ ಅಲ್ಲಿಯ ಸಾಮಿ ಜನರು ‘ತಬ್ಲುತ್’ ಎಂಬ ಆಟವಾಡುವುದನ್ನು ಕಂಡು ಅವನು ತನ್ನ ದಿನಚರಿಯಲ್ಲಿ ಅದರ ನಿಯಮಗಳನ್ನು ಬರೆದಿಟ್ಟನು. ಹಲಗೆಗೆ ಉದ್ದ ಅಗಲಗಳಲ್ಲಿ ಒಂಬತ್ತೊಂಬತ್ತು ಮನೆಗಳು, ನಡುವೆ ರಾಜ, ಅವನ ಪಕ್ಷದಲ್ಲಿ ‘ಸ್ವೀಡರು’ ಎಂಬ ೮ ಕಾಯಿಗಳು, ಎದುರಾಳಿಯ ಪಕ್ಷದಲ್ಲಿ ‘ಮಾಸ್ಕೋದವರು’ ಎಂಬ ೧೬ ಕಾಯಿಗಳು. ‘ತಬ್ಲುತ್’ ಎಂಬ ಹೆಸರಿನಲ್ಲಿ ‘ತಫ್ಲ್’ ಪದದ ಛಾಯೆ ಕಾಣುತ್ತದೆ. ಸ್ವೀಡನ್ನಿನ ಪಟ್ಟಣಗಳಲ್ಲಿ ಮರೆತುಹೋಗಿದ್ದ ಆಟವು ಹಿಮಸಾರಂಗಗಳನ್ನು ಸಾಕುವ ಜನರ ನಡುವೆ ಉಳಿದುಬಂದಿದ್ದಿತು. ಲಿನೇಯಸನ ದಿನಚರಿಯ ಇಂಗ್ಲಿಷ್ ಅನುವಾದವು ೧೮೧೧ರಲ್ಲಿ ಪ್ರಕಟವಾಯಿತು. ಆಟಗಳ ಚರಿತ್ರೆಯಲ್ಲಿ ಪ್ರಮಾಣಪುರುಷನಾದ ಹೆಚ್. ಜೆ. ಆರ್. ಮರ್ರೆ ೧೯೧೩ರಲ್ಲಿಯೂ ೧೯೫೨ರಲ್ಲಿಯೂ ಪ್ರಕಟಿಸಿದ ತನ್ನ ಗ್ರಂಥಗಳಲ್ಲಿ ಈ ಬರಹವನ್ನೂ ಪ್ರಾಚೀನ ಉಲ್ಲೇಖಗಳನ್ನೂ ಜೋಡಿಸಿ ಹ್ನೆಫತಫ್ಲಿನ ಸ್ವರೂಪವನ್ನು ನಿರ್ಣಯಿಸಲು ದಾರಿಮಾಡಿದನು.

ಉತ್ಖನನಗಳಲ್ಲಿಯೂ ಹಲಗೆಗಳು ದೊರೆತಿವೆ. ೧೮೮೦ರಲ್ಲಿ ನಾರ್ವೆಯ ಗೋಕ್‌ಸ್ತಾದ್ ಎಂಬಲ್ಲಿ, ಕ್ರಿ. ಶ. ೯೦೦ರ ಸುಮಾರಿಗೆ ಹೂಳಲ್ಪಟ್ಟ ಹಡಗಿನಲ್ಲಿ ಒಂದು ಹಲಗೆಯ ಭಾಗ ಸಿಕ್ಕಿತು. ಅದರ ಒಂದು ಬದಿಯಲ್ಲಿ ಹದಿಮೂರು ಸಾಲುಗಳ ಚೌಕಗಳಿವೆ. ಮಗುಚಿದರೆ, ಮೂರು ಮೂರು ಕಾಯಿಗಳನ್ನು ಸಾಲುಗೂಡಿಸುವ ಬೇರೊಂದು ಆಟದ ರೇಖೆಗಳಿವೆ. ೧೯೩೨ರಲ್ಲಿ ಐರ್ಲೆಂಡಿನ ಬ್ಯಾಲಿಂಡೆರಿ ಎಂಬಲ್ಲಿ ದೊರೆತ ಹತ್ತನೆಯ ಶತಮಾನದ ಮರದ ಹಲಗೆಯಲ್ಲಿ ಏಳು ಸಾಲುಗಳಲ್ಲಿ ಏಳೇಳು ಕುಳಿಗಳಿವೆ. ಗೂಟದಂತಹ ಕಾಯಿಗಳನ್ನು ಅವುಗಳಲ್ಲಿ ನೆಡಬೇಕು. ಎಸ್ಟೋನಿಯದ ಸಾಲ್ಮೆ ಎಂಬಲ್ಲಿ ೨೦೦೮ ಮತ್ತು ೨೦೧೦ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ. ಶ. ೭೫೦ರ ಎರಡು ಹಡಗುಗಳಲ್ಲಿ ಹೋರಾಟದಲ್ಲಿ ಮಡಿದವರೊಡನೆ ನೂರಾರು ಆಟದ ಕಾಯಿಗಳನ್ನು ಇಟ್ಟು ಹೂಳಲಾಗಿದ್ದಿತು. ಹಲಗೆಯ ಅಳತೆಯು ಒಂದೆಡೆಯಿದ್ದಂತೆ ಇನ್ನೊಂದೆಡೆ ಇಲ್ಲ. ಗೋಕ್‌ಸ್ತಾದಿನ ಹಲಗೆಯ ಎರಡು ಬದಿಗಳಲ್ಲಿ ಎರಡು ಬೇರೆ ಆಟಗಳಿವೆ. ‘ತಫ್ಲ್’ ಎಂಬುದು ಒಂದೇ ಆಟದ ಹೆಸರೆಂದು ಭಾವಿಸುವುದು ಎಷ್ಟು ಅಸಾಧುವೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ನಿದರ್ಶನವು ಬೇಕಿಲ್ಲ.

೫

ಇನ್ನು ಚದುರಂಗದ ಆಗಮನವನ್ನು ನೋಡೋಣ. ಭಾರತದ ‘ಚತುರಂಗ’ವು ಪಾರಸಿಯಲ್ಲಿ ‘ಚತ್ರಂಗ್’ ಆಗಿ, ಅರಬ್ಬಿಯಲ್ಲಿ ‘ಶತ್ರಂಜ್’ ಆಗಿ ಪಶ್ಚಿಮಕ್ಕೆ ಹೋದುದು ಪ್ರಸಿದ್ಧವಾದ ವಿಷಯ. ಕನ್ನಡದ ‘ಚದುರಂಗ’ವೂ ಅದೇ ಸಂಸ್ಕೃತ ಪದದ ತದ್ಭವ. ಸ್ಪೇನ್ ಪೋರ್ಚುಗಲ್ಲುಗಳು ಅರಬ್ಬಿಯ ಈ ಹೆಸರನ್ನೇ ಉಳಿಸಿಕೊಂಡುವು. ಯೂರೋಪಿನ ಉಳಿದ ಬಹುಭಾಗದಲ್ಲಿ ಆಟಕ್ಕೆ ಹೆಸರಾದುದು ರಾಜನ ಕಾಯಿಗೆ ಪಾರಸಿಯಲ್ಲಿದ್ದ ‘ಶಾಹ್’ ಎಂಬ ಪದ. ಅದು ಅರಬ್ಬಿ, ಲ್ಯಾಟಿನ್, ಫ್ರೆಂಚ್, ಕೆಳ ಜರ್ಮನ್ ಭಾಷೆಗಳನ್ನು ಹಾದು ನಾರ್ಸಿನಲ್ಲಿ ‘ಸ್ಕಾಕ್’ ಆಯಿತು. ಹಳೆಯ ‘ತಫ್ಲ್’ ಇದರೊಡನೆ ಸೇರಿ ‘ಸ್ಕಾಕ್‌ತಫ್ಲ್’ ಎಂಬ ಸಮಾಸವು ಹುಟ್ಟಿತು. ಮಧ್ಯಕಾಲದ ಜರ್ಮನರೂ ಇದೇ ಕ್ರಮದಲ್ಲಿ ‘ಶಾಖ್‌ತ್ಸಬೆಲ್’ ಎಂದರು. ಭಾರತದಲ್ಲಿ ಹುಟ್ಟಿದ ಆಟಕ್ಕೆ ಪಾರಸಿಯ ಅರಸನ ಹೆಸರೂ ರೋಮಿನ ಹಲಗೆಯ ಹೆಸರೂ ಕೂಡಿ ಉತ್ತರ ಸಮುದ್ರದ ತೀರದಲ್ಲಿ ನಾಮಕರಣವಾಯಿತು. ಹೀಗೆಯೇ ದಾಳದ ಆಟವು ‘ಕ್ವಾತ್ರುತಫ್ಲ್’ ಎಂಬ ಹೆಸರನ್ನು ಪಡೆಯಿತು. ಅದರ ಪೂರ್ವಪದವು ನಾಲ್ಕು ಎಂಬ ಸಂಖ್ಯೆಯನ್ನು ಸೂಚಿಸುವ ಲ್ಯಾಟಿನ್ ಮೂಲದ್ದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಒಂದು ಜನಾಂಗದಲ್ಲಿ ಒಂದೇ ಬಗೆಯ ಆಟವು ಮುಖ್ಯವಾಗಿದ್ದಾಗ ಅದಕ್ಕೆ ವಿಶೇಷಣವು ಬೇಕಾಗುವುದಿಲ್ಲ; ‘ತಫ್ಲ್’ ಎಂದರೆ ಸಾಕು. ಎರಡನೆಯದೊಂದು ಬಂದಾಗ ಮಾತ್ರ ಹಳೆಯದನ್ನು ಹೊಸದರಿಂದ ಬೇರ್ಪಡಿಸಿ ಹೇಳಬೇಕಾಗುತ್ತದೆ. ಪ್ರಾಚೀನವಾದ ಪದ್ಯಗಳಲ್ಲಿ ಬರಿಯ ‘ತಫ್ಲ್’, ‘ತೆಫ್ಲ’ ರೂಪಗಳು ಕಾಣುವುದೂ, ‘ಹ್ನೆಫತಫ್ಲ್’ ಎಂಬ ಸಮಾಸವು ಹದಿಮೂರನೆಯ ಶತಮಾನ ಹಾಗೂ ಅನಂತರದ ಗದ್ಯಗ್ರಂಥಗಳಲ್ಲಿ ಕಾಣುವುದೂ ಆಕಸ್ಮಿಕವಾಗಿರಲಾರದು. ಹಳೆಯ ಆಟಕ್ಕೆ ವಿಶೇಷನಾಮವು ಅಗತ್ಯವಾದುದು ಅದರ ಪ್ರತಿಸ್ಪರ್ಧಿಯು ಕಾಲಿಟ್ಟ ಮೇಲೆಯೇ ಎಂದು ಊಹಿಸಬಹುದು.

ಆ ಸಂಧಿಕಾಲದ ಚಿತ್ರವನ್ನು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ೧೮೩೧ರಲ್ಲಿ ಬೆಳಕಿಗೆ ಬಂದ ನಿಧಿಯು ಕೊಡುತ್ತದೆ. ಬಹುಮಟ್ಟಿಗೆ ವಾಲ್ರಸ್ ದಂತದಿಂದ ಕೆತ್ತಿದ, ಹನ್ನೆರಡನೆಯ ಶತಮಾನದ ೯೩ ವಸ್ತುಗಳು ಅದರಲ್ಲಿದ್ದುವು. ೭೮ ಚದುರಂಗದ ಕಾಯಿಗಳು, ೧೪ ದುಂಡನೆಯ ಬಿಲ್ಲೆಗಳು, ಉಳಿದುದು ಒಂದು ನಡುಪಟ್ಟಿಯ ಕೊಂಡಿ. ಬಿಲ್ಲೆಗಳು ದಾಳದಾಟಕ್ಕೆ ಸೇರಿದುವು. ಆ ಕಾಲದವನೊಬ್ಬನು ಇಡಿಯ ಸಂಗ್ರಹವನ್ನು ತೋರಿಸಿ ‘ತಫ್ಲ್’ ಎಂದಿದ್ದರೆ ಅವನ ಮಾತು ಪ್ರತಿಯೊಂದು ಕಾಯಿಗೂ ಸಲ್ಲುತ್ತಿದ್ದಿತು.

೬

ಇಷ್ಟು ವಿಚಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲಿನ ಪ್ರಶ್ನೆಗೆ ಹಿಂತಿರುಗೋಣ. ಸ್ನೊರ್ರಿ ತನ್ನ ಗ್ರಂಥವನ್ನು ಬರೆದುದು ೧೨೩೦ರ ಸುಮಾರಿನಲ್ಲಿ, ಎಂದರೆ ಉಲ್ಫನ ಮರಣವಾಗಿ ಎರಡು ಶತಮಾನಗಳಾದ ಮೇಲೆ. ಅವನ ಕಾಲಕ್ಕೆ ಕುಲೀನರ ಆಟವೆಂದರೆ ಚದುರಂಗ. ಯೂರೋಪಿನಲ್ಲಿ ಚದುರಂಗವನ್ನು ಕುರಿತ ಅತಿ ಪ್ರಾಚೀನವಾದ ಲ್ಯಾಟಿನ್ ಪದ್ಯವು ಸ್ವಿಟ್ಸರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿ ದೊರೆತುದು, ಅದು ಕ್ರಿ. ಶ. ೧೦೦೦ದ ಸುಮಾರಿನದು. ಮುಂದಿನ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿಯೇ ಆ ಆಟವು ಡೆನ್ಮಾರ್ಕಿನಲ್ಲಿ ರೂಢವಾಗಿದ್ದಿತೆನ್ನುವುದು ಅಸಾಧ್ಯವಲ್ಲದಿದ್ದರೂ ಸಂಭಾವ್ಯವಲ್ಲ. ಕ್ನೂಟನೂ ಉಲ್ಫನೂ ಆಡಿದುದು ‘ತಫ್ಲ್’ ಎಂಬಷ್ಟನ್ನು ಪರಂಪರೆಯು ನೆನಪಿಟ್ಟಿರಬಹುದು. ಸ್ನೊರ್ರಿ ಅದನ್ನು ತನ್ನ ಕಾಲದ ‘ತಫ್ಲ್’ ಎಂದು ತಿಳಿದು, ಸ್ಕಾಕ್ ಎಂಬ ಪೂರ್ವಪದವನ್ನೂ ಕುದುರೆಯ ಕಾಯಿಯನ್ನೂ ಸೇರಿಸಿದನೆನ್ನುವುದು ಹೆಚ್ಚು ಯುಕ್ತವಾಗಿ ತೋರುತ್ತದೆ. ಹಾಗೆಂದ ಮಾತ್ರಕ್ಕೆ ಅವನು ಕಟ್ಟುಕಥೆಯನ್ನು ಬರೆದನೆಂದಲ್ಲ. ಜಗಳವು ನಿಜವಿರಬಹುದು, ಕೊಲೆಯು ನಿಜವಿರಬಹುದು. ಆಟದ ಹೆಸರನ್ನು ಮಾತ್ರ ಹದಿಮೂರನೆಯ ಶತಮಾನಕ್ಕೆ ಸಾಕ್ಷ್ಯವಾಗಿ ಎಣಿಸಬೇಕೇ ಹೊರತು ಹನ್ನೊಂದನೆಯ ಶತಮಾನಕ್ಕಲ್ಲ.

ಇದಕ್ಕೆ ವ್ಯತಿರಿಕ್ತವಾದ ಸಂದರ್ಭವು ಆರ್ಕ್ನಿ ದ್ವೀಪಗಳ ಒಡೆಯನಾದ ರೊಗ್ನ್‌ವಾಲ್ಡನದು (ಮರಣ ೧೧೫೮). ಅವನು ತಾನು ಬಲ್ಲ ಒಂಬತ್ತು ವಿದ್ಯೆಗಳನ್ನು ಒಂದು ಪದ್ಯದಲ್ಲಿ ಎಣಿಸುತ್ತ, ಲಿಪಿಜ್ಞಾನ, ಕಮ್ಮಾರಿಕೆ, ಬಿಲ್ವಿದ್ಯೆ, ಕವಿತೆ ಮೊದಲಾದುವುಗಳಿಗಿಂತ ಮುಂಚೆ ‘ತಫ್ಲ್’ ಆಟವನ್ನು ಹೇಳುತ್ತಾನೆ. ಆ ಪದ್ಯವು ಹೆಚ್ಚು ಕಡಮೆ ಲೂಯಿಸಿನ ಕಾಯಿಗಳ ಕಾಲದ್ದು. ಅವನ ‘ತಫ್ಲ್’ ಹಳೆಯ ಆಟವೂ ಆಗಿರಬಹುದು, ಚದುರಂಗವೂ ಆಗಿರಬಹುದು, ಎರಡೂ ಆಗಿರಬಹುದು. ವಿಶೇಷಣವಿಲ್ಲದ ಪದವನ್ನು ಅದರ ವ್ಯಾಪ್ತಿಯಲ್ಲಿಯೇ ಬಿಡುವುದು ಇಂಥ ಕಡೆಗಳಲ್ಲಿ ವಿವೇಕ.

ಮೂರನೆಯದು ‘ವೊಲುಸ್ಪಾ’ ಎಂಬ ಪುರಾಣಕಾವ್ಯ. ೧೨೭೦ರ ಸುಮಾರಿನ ಹಸ್ತಪ್ರತಿಯಲ್ಲಿ ಉಳಿದಿದ್ದರೂ ಕಾವ್ಯವು ಕ್ರಿ. ಶ. ೧೦೦೦ದ ಸುಮಾರಿನದೆಂದು ಬಹುಮಂದಿ ವಿದ್ವಾಂಸರ ಮತ. ಸೃಷ್ಟಿಯ ಆದಿಯಲ್ಲಿ ದೇವತೆಗಳು ಅಂಗಳದಲ್ಲಿ ಕುಳಿತು ಸಂತೋಷದಿಂದ ತಫ್ಲ್ ಆಡುತ್ತಿದ್ದರೆಂದೂ ಅವರಿಗೆ ಚಿನ್ನದ ಕೊರತೆಯಿರಲಿಲ್ಲವೆಂದೂ ಅಲ್ಲಿ ಹೇಳಿದೆ. ಅನಂತರ ಕಲಹಗಳು ತಲೆದೋರಿ ಜಗತ್ತು ಬೆಂಕಿಯಲ್ಲಿ ಬೆಂದು ಕಡಲಿನಲ್ಲಿ ಮುಳುಗುತ್ತದೆ. ಮತ್ತೆ ಹಸುರಾದ ಭೂಮಿಯು ಮೇಲೆದ್ದಾಗ, ಉಳಿದ ದೇವತೆಗಳಿಗೆ ಹುಲ್ಲಿನ ನಡುವೆ ಆ ಹಿಂದಿನ ಚಿನ್ನದ ಕಾಯಿಗಳು ದೊರೆಯುತ್ತವೆ. ಈ ಆಟವು ಚದುರಂಗವಾಗಿರಲು ಕಾರಣವಿಲ್ಲವೆಂಬುದು ಮೇಲಿನ ಕಾಲವಿಚಾರದಿಂದ ಸ್ಪಷ್ಟವಾಗಿದೆ. ಆದರೆ ಕಾವ್ಯದ ಅರ್ಥಕ್ಕೆ ಮುಖ್ಯವಾದುದು ಆಟದ ನಿಯಮವಲ್ಲ. ಅಲ್ಲಿ ಕಾಯಿಗಳು ಕಳೆದುಹೋದ ಸುವ್ಯವಸ್ಥೆಯ ಗುರುತು. ಅವು ಮತ್ತೆ ಸಿಕ್ಕುವುದು ಆ ವ್ಯವಸ್ಥೆಯು ಮರಳಿ ಬಂದುದರ ಗುರುತು. ಹೊರಗಿನಿಂದ ಎರವಲಾಗಿ ಬಂದ ಪದವೊಂದು ಅದನ್ನು ಪಡೆದ ಜನರ ಅತ್ಯಂತ ಆಳವಾದ ಪುರಾಣಕಲ್ಪನೆಯೊಳಗೆ ಹೀಗೆ ನೆಲೆಸಿಬಿಟ್ಟಿತು.

೭

ಕೊನೆಗೆ ಉಳಿದ ಆಟಗಳು ಹಿಂದೆ ಸರಿದು ಚದುರಂಗವೊಂದೇ ಮುಂದೆ ನಿಂತಿತು. ಇಂದಿನ ಐಸ್‌ಲೆಂಡಿನ ಭಾಷೆಯಲ್ಲಿ ವಿಶೇಷಣವಿಲ್ಲದೆ ‘ತಫ್ಲ್’ ಎಂದರೆ ಚದುರಂಗ. ‘ತೆಫ್ಲ’ ಎಂದರೆ ಚದುರಂಗವಾಡು. ೧೯೦೦ರಲ್ಲಿ ಸ್ಥಾಪಿತವಾದ ರೇಕ್ಯಾವಿಕ್ ಚದುರಂಗ ಸಂಘದ ಹೆಸರಿನಲ್ಲಿರುವುದೂ ಇದೇ ಪದ. ೧೯೭೨ರಲ್ಲಿ ಬಾಬಿ ಫಿಷರ್ ಮತ್ತು ಬೋರಿಸ್ ಸ್ಪಾಸ್ಕಿ ಅವರ ನಡುವೆ ವಿಶ್ವಪದವಿಗಾಗಿ ಸ್ಪರ್ಧೆ ನಡೆದುದು ಆ ನಗರದಲ್ಲಿಯೇ. ಹಲಗೆಯಿಂದ ಹಲವು ಆಟಗಳಿಗೆ ಅರ್ಥವಿಸ್ತಾರವನ್ನು ಪಡೆದ ಪದವು ಹೀಗೆ ಒಂದೇ ಆಟಕ್ಕೆ ಅರ್ಥಸಂಕೋಚವನ್ನು ಹೊಂದಿತು. ಗಂಡಾಂತರಕ್ಕೆ ಒಡ್ಡುವುದು ಎಂಬ ಲಾಕ್ಷಣಿಕಾರ್ಥದಲ್ಲಿಯೂ ಆ ಕ್ರಿಯಾಪದವು ಅಲ್ಲಿ ಬಳಕೆಯಲ್ಲಿದೆ.

ಇಂತು ಸುಮಾರು ಒಂದೂವರೆ ಸಾವಿರ ವರ್ಷಗಳ ಅವಧಿಯಲ್ಲಿ ಪದವು ಬದುಕಿತು, ಅದರ ವಾಚ್ಯವು ಮತ್ತೆ ಮತ್ತೆ ಬದಲಾಯಿತು. ಪ್ರಾಚೀನ ಗ್ರಂಥದಲ್ಲಿ ಪರಿಚಿತವಾದ ಹೆಸರೊಂದನ್ನು ಕಂಡೊಡನೆ ಪರಿಚಿತವಾದ ವಸ್ತುವೇ ಅಲ್ಲಿದೆಯೆಂದು ಭಾವಿಸುವುದು ಓದುಗನ ಸಹಜ ಪ್ರವೃತ್ತಿ; ಸ್ನೊರ್ರಿಯಂತಹ ವಿಚಕ್ಷಣನಾದ ಇತಿಹಾಸಕಾರನೂ ಅದಕ್ಕೆ ಹೊರತಾಗಲಿಲ್ಲ. ಗ್ರಂಥವು ಹೇಳುವ ಕಾಲ ಯಾವುದು, ಗ್ರಂಥವು ಹುಟ್ಟಿದ ಕಾಲ ಯಾವುದು, ಆಯಾ ಕಾಲದ ನೆಲದಿಂದ ದೊರೆತ ವಸ್ತುಗಳು ಏನನ್ನು ತೋರಿಸುತ್ತವೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಪದಕ್ಕೆ ಅರ್ಥ ಹೇಳಬೇಕು. ಒಂದು ಆಟದ ಹೆಸರಿನ ವಿಷಯದಲ್ಲಿಯೇ ಇಷ್ಟು ಎಚ್ಚರವು ಬೇಕಾದರೆ, ರಾಜ್ಯ, ತೆರಿಗೆ, ಜಾತಿ, ನ್ಯಾಯ ಮೊದಲಾದವನ್ನು ಸೂಚಿಸುವ ಪದಗಳ ವಿಷಯದಲ್ಲಿ ಎಷ್ಟು ಎಚ್ಚರವು ಬೇಕೆಂಬುದನ್ನು ವಿದ್ಯಾರ್ಥಿಗಳು ತಾವೇ ಆಲೋಚಿಸಬಹುದು.